ಮಾದರಿ ಹೃದಯ

"ಇಷ್ಟು ವರ್ಷ ಇದು ಎಲ್ಲಿ ಅಡಗಿತ್ತು?"

ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಗೆ ದಪ್ಪ ಪರದೆ, ಗೋಡೆಯ ಮೇಲೆ ಮಕ್ಕಳನ್ನು ಮರುಳು ಮಾಡಲೆಂದು ಅಂಟಿಸಿದ ಜಿರಾಫೆ, ಬಿಸಿನೀರಿನ ಮಗ್ಗಿನಲ್ಲಿ ತಲೆಕೆಳಗಾಗಿ ನಿಂತ ಜೆಲ್ಲಿನ ಬಾಟಲಿ, ಗುಂಯ್‌ಗುಡುವ ಯಂತ್ರ. ಬೆಳಗಿನ ಮೊದಲ ಮಗು ಇನ್ನೂ ಬಂದಿರಲಿಲ್ಲ. ಜೆಲ್ಲಮ್ಮ ಸ್ಕ್ರೀನಿನ ಮುಂದೆ ಕೂತು ಒಂದೇ ಚಿತ್ರವನ್ನು ಹಿಂದಕ್ಕೆ ಮುಂದಕ್ಕೆ ಓಡಿಸುತ್ತಿದ್ದಳು. ಅಲ್ಲಿ ಬಡಿಯುತ್ತಿದ್ದದ್ದು ಅವಳ ತಂಗಿಯ ಮಗಳ ಹೃದಯ.

ಜೆಲ್ಲಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮಕ್ಕಳ ಎದೆಗೆ ಜೆಲ್ ಸವರಿ, ಪ್ರೋಬ್ ಆನಿಸಿ, ಹೃದಯದ ಚಿತ್ರ ತೆಗೆಯುವ ಎಕೋ ಕೆಲಸದಲ್ಲೇ ಅವಳ ಕೂದಲು ನರೆತಿತ್ತು. ಯಾವುದೋ ಕಾಲದಲ್ಲಿ ಒಂದು ಪೋರಿ "ಜೆಲ್ಲಮ್ಮ ಬಂದ್ಲು, ಅಂಗಿ ಮುಚ್ಕೊಳ್ಳಿ" ಎಂದು ಆಸ್ಪತ್ರೆ ಕಿತ್ತುಹೋಗುವಂತೆ ಅತ್ತಿದ್ದಳು. ಆ ಪೋರಿಗೆ ಈಗ ಮದುವೆಯಾಗಿ ಮಕ್ಕಳಿದ್ದರೂ ಇರಬಹುದು; ಹೆಸರು ಮಾತ್ರ ಇಲ್ಲೇ ಉಳಿಯಿತು. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು.

ಅವಳ ಅಪ್ಪ ದಿನಾ ನಸುಕಿನಲ್ಲಿ ಕಾವ್ಯ ಓದುತ್ತಿದ್ದ ಮನುಷ್ಯ. ಪುಸ್ತಕ ಎದುರಿಗೆ ತೆರೆದಿರುತ್ತಿತ್ತು, ಆದರೆ ನೋಡುತ್ತಿರಲಿಲ್ಲ. ಎಲ್ಲವೂ ಬಾಯಿಗೆ ಬಂದಿತ್ತು. ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡೇ ಅವಳು ಕೇಳುತ್ತಿದ್ದಳು. ಅರ್ಥ ಅಷ್ಟಕ್ಕಷ್ಟೆ. ಆದರೆ ಸಾಲು ಎಲ್ಲಿ ನಿಲ್ಲುತ್ತದೆ, ಅಪ್ಪ ಉಸಿರು ಎಲ್ಲಿ ಎಳೆದುಕೊಳ್ಳುತ್ತಾನೆ ಎನ್ನುವುದು ಮೈಗೆ ಹತ್ತಿಬಿಟ್ಟಿತ್ತು. ಮುಂದೆ ಮೊದಲ ಸಲ ಯಂತ್ರದಲ್ಲಿ ಹೃದಯದ ಬಡಿತ ಕೇಳಿದಾಗ ಅವಳಿಗೆ ಅದು ಹೊಸದೆನಿಸಲಿಲ್ಲ. ಅಲ್ಲೂ ಸಾಲಿತ್ತು, ನಿಲುಗಡೆಯಿತ್ತು. ಅಂದಿನಿಂದ ದಿನದ ಮೊದಲ ಮಗುವಿನ ಎದೆಗೆ ಪ್ರೋಬ್ ಇಡುವ ಮುನ್ನ ಕಣ್ಣು ಮುಚ್ಚಿ, ಕೈ ನಿನ್ನದು, ಕಣ್ಣೂ ನಿನ್ನದು ಎಂದು ದೇವರಿಗೆ ಒಪ್ಪಿಸಿಯೇ ಕೆಲಸ ಶುರುಮಾಡುವುದು ಅವಳ ರೂಢಿ. ಇವತ್ತು ಆ ಮಾತು ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಇಂಥ ಕಣ್ಣನ್ನು ಯಾವ ಮುಖ ಇಟ್ಟುಕೊಂಡು ಒಪ್ಪಿಸುವುದು?

ಇದೆಲ್ಲ ಶುರುವಾದದ್ದು ಹಿಂದಿನ ದಿನ, ಭಾನುವಾರ, ಸಂಘದ ತರಬೇತಿಯಲ್ಲಿ.

ಮಕ್ಕಳ ಎಕೋ ಮಾಡುವವರದ್ದೊಂದು ಸಂಘವಿತ್ತು. ಅದರಲ್ಲಿ ಜೆಲ್ಲಮ್ಮನದು ಸಂಬಳವಿಲ್ಲದ ದುಡಿಮೆ. ಸಣ್ಣಪುಟ್ಟ ಆಸ್ಪತ್ರೆಗಳಿಂದ ಬರುವ ಹೊಸಬರಿಗೆ ರಜೆಯ ದಿನ ಕಲಿಸುವುದು, ಪರೀಕ್ಷೆಗೆ ಪ್ರಶ್ನೆ ಬರೆದುಕೊಡುವುದು, ಪಾಠದ ವಿಡಿಯೊ ಮಾಡಿಕೊಡುವುದು. ಯಾರು ಕರೆದರೂ ಇಲ್ಲವೆನ್ನದೆ ಹೋಗುತ್ತಿದ್ದಳು. ಈ ವರ್ಷ ಅವಳನ್ನೇ ಸನ್ಮಾನಿಸಬೇಕೆಂದು ಸಂಘದವರು ಮಾತಾಡಿಕೊಂಡಿದ್ದರು. "ಹೋಗೋ ಕಾಲದಲ್ಲಿ ಮಾಡೋ ಮರ್ಯಾದೆ ನಂಗೀಗ್ಲೇ ಯಾಕ್ರೀ?" ಎಂದು ತೇಲಿಸಿದ್ದರೂ ಒಳಗೊಳಗೇ ಹಿಗ್ಗಿದ್ದಳು.

ಹೊಸಬರ ಕೈ ಪಳಗಬೇಕಾದರೆ ಮೊದಲು ಸರಿಯಾದ ಹೃದಯವನ್ನು ಕಣ್ತುಂಬ ನೋಡಬೇಕು. ಕಾಯಿಲೆಯ ಮಕ್ಕಳನ್ನು ಹೊತ್ತುಗಟ್ಟಲೆ ಮಲಗಿಸಿ ಹಿಂಸೆ ಕೊಡುವಂತಿಲ್ಲ. ಹಾಗಾಗಿ ಕಲಿಸುವವರು ತಮ್ಮ ಮನೆಯ ಮಕ್ಕಳನ್ನೇ ಕರೆತಂದು ಮಂಚದ ಮೇಲೆ ಮಲಗಿಸುವುದು ಈ ಕಸುಬಿನಲ್ಲಿ ನಡೆದುಕೊಂಡು ಬಂದದ್ದು. ಜೆಲ್ಲಮ್ಮನಿಗೆ ಮಕ್ಕಳಿರಲಿಲ್ಲ. ತಂಗಿಯ ಮಗಳಿದ್ದಳು.

ಆ ಹುಡುಗಿಯನ್ನು ಮನೆಯಲ್ಲಿ ಪಾದರಸ ಎನ್ನುತ್ತಿದ್ದರು. ನಿಂತಲ್ಲಿ ನಿಂತವಳಲ್ಲ, ಕೂತಲ್ಲಿ ಕೂತವಳಲ್ಲ; ಓಟದಲ್ಲಿ ಶಾಲೆಗೇ ಮೊದಲು. ಅಂಥವಳು ದೊಡ್ಡಮ್ಮನ ಮಂಚದ ಮೇಲೆ ಮಾತ್ರ ಗೊಂಬೆಯ ಹಾಗೆ ಮಲಗಿರುತ್ತಿದ್ದಳು. ಹಾಲುಹಲ್ಲು ಬೀಳುವ ವಯಸ್ಸಿನಿಂದ ಹಾಗೆ ಮಲಗುತ್ತ ಬಂದು ಈಗ ಹನ್ನೊಂದು ತುಂಬಿತ್ತು. ಒಬ್ಬರಾದ ಮೇಲೊಬ್ಬರು ಎದೆಯ ಮೇಲೆ ಪ್ರೋಬ್ ಒತ್ತುತ್ತಿದ್ದರೆ ಅವಳು ಚಾವಣಿ ನೋಡುತ್ತ, "ಅಕ್ಕ, ಇನ್ನೂ ಚೂರು ಎಡಕ್ಕೆ. ನಮ್ಮ ದೊಡ್ಡಮ್ಮ ಅಲ್ಲಿಡ್ತಾರೆ" ಎಂದು ತಾನೇ ಪಾಠ ಹೇಳುತ್ತಿದ್ದಳು. ಮುಗಿದ ಮೇಲೆ ಒಂದು ಐಸ್‌ಕ್ರೀಮ್ ಅವಳ ಕೂಲಿ. ಸಂಘದಲ್ಲಿ ಅವಳಿಗೆ 'ಮಾದರಿ ಹೃದಯ' ಎಂದೇ ಹೆಸರು ಬಿದ್ದಿತ್ತು.

ಈ ಭಾನುವಾರ ಕೊನೆಗೆ ಪ್ರೋಬ್ ಹಿಡಿದದ್ದು ಕನ್ನಡಕದ ಒಬ್ಬ ಹುಡುಗಿ. ಎಲ್ಲೋ ಒಂದು ಚಿಕ್ಕ ಆಸ್ಪತ್ರೆಯವಳು, ಹಿಂದಿನ ಸಾಲಿನಲ್ಲಿ ಕೂತಿದ್ದವಳು, ಮಾತಾಡಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಬೆಳಿಗ್ಗೆ ಜೆಲ್ಲಮ್ಮ ಹೇಳಿಕೊಟ್ಟಿದ್ದಂತೆಯೇ ಅವಳು ಯಂತ್ರದಲ್ಲಿ ರಕ್ತದ ಹರಿವು ತೋರಿಸುವ ಬಣ್ಣ ಹಾಕಿ ಕಾದು ನಿಂತಿದ್ದಳು. ಜೆಲ್ಲಮ್ಮ ಸ್ಕ್ರೀನಿಗೆ ಬೆನ್ನು ಮಾಡಿ ಉಳಿದವರೊಂದಿಗೆ ಮಾತಾಡುತ್ತಿದ್ದಳು.

"ಮೇಡಂ, ಇದೇನು?"

"ಯಾವುದಮ್ಮ?"

"ಎರಡು ದೊಡ್ಡ ನಾಳದ ಮಧ್ಯೆ ಒಂದು ಎಳೆ ಥರ ಬಣ್ಣ ಬಂದು ಹೋಯ್ತು. ಎಡ ಕರೋನರಿ ಇಲ್ಲಿಂದ ಬರ್ತಿದೆಯೇನೋ ಅಂತ..."

ಜೆಲ್ಲಮ್ಮ ಅರೆಗಣ್ಣಿನಲ್ಲಿ ತಿರುಗಿ ನೋಡಿದಳು. "ಅದು ಯಂತ್ರದ ಚೇಷ್ಟೆ ಕಣಮ್ಮ. ಬಣ್ಣದ ಗುಂಡಿ ಸಿಕ್ಕಾಪಟ್ಟೆ ತಿರುಗಿಸಿದ್ರೆ ಗೋಡೆಯಲ್ಲೂ ರಕ್ತ ಹರಿಯುತ್ತೆ."

ಒಂದಿಬ್ಬರು ನಕ್ಕರು.

"ಆದ್ರೆ ಮೇಡಂ, ಮತ್ತೆ ಬಂತು."

"ನೋಡು, ಈ ಹೃದಯ ಇಟ್ಕೊಂಡು ನಾವು ಬೇರೆ ಹೃದಯ ಅಳೀತೀವಿ. ನೀನು ಅಳತೆಗೋಲನ್ನೇ ಅಳೆಯೋಕೆ ಹೊರಟಿದೀಯಲ್ಲ. ಊಟ ಆದ್ಮೇಲೆ ಹೋಗಿ ಮೊದಲು ಕನ್ನಡಕದ ನಂಬರ್ ಚೆಕ್ ಮಾಡಿಸ್ಕೊಂಡು ಬಾ."

ಇಡೀ ಹಾಲ್ ನಕ್ಕಿತು. ಕನ್ನಡಕದವಳ ಕಿವಿ ಕೆಂಪಾದವು. ಪ್ರೋಬನ್ನು ಒರೆಸಿ ಅದರ ಜಾಗದಲ್ಲಿಟ್ಟು ಅವಳು ಹಿಂದಿನ ಸಾಲಿಗೆ ಹೋಗಿ ಕೂತಳು. ಎಲ್ಲರೂ ನಗುತ್ತಿದ್ದಾರೆಂದು ಮಂಚದ ಮೇಲಿದ್ದ ಪಾದರಸಳೂ ನಕ್ಕಳು.

ತರಬೇತಿಗೆಂದು ಹಾಲ್‌ಗೆ ತಳ್ಳಿಕೊಂಡು ಹೋಗಿದ್ದು ಆಸ್ಪತ್ರೆಯ ಇದೇ ಯಂತ್ರವನ್ನು; ಆ ಹೊತ್ತಿನ ಚಿತ್ರ ಅದರಲ್ಲಿ ಉಳಿದಿತ್ತು. ಸೋಮವಾರ ಬೆಳಿಗ್ಗೆ ಬೇಗ ಬಂದು, ಬಣ್ಣ ಹೇಗೆ ಮೋಸ ಮಾಡುತ್ತದೆ ಎಂದು ಮುಂದಿನ ಪಾಠದಲ್ಲಿ ತೋರಿಸಲಿಕ್ಕೆಂದೇ ಜೆಲ್ಲಮ್ಮ ಅದನ್ನು ತೆರೆದಳು. ಮೋಸ ಕಾಣಲಿಲ್ಲ. ನಾಳ ಕಂಡಿತು.

ಹೃದಯ ಇಡೀ ಮೈಗೆ ರಕ್ತ ಕೊಡುತ್ತದೆ. ಹೃದಯಕ್ಕೇ ರಕ್ತ ಕೊಡಲು ಎರಡು ಸಣ್ಣ ನಾಳಗಳಿವೆ, ಅವೇ ಕರೋನರಿಗಳು. ಎಡಗಡೆಯದು, ಮೈಗೆ ರಕ್ತ ಒಯ್ಯುವ ದೊಡ್ಡ ನಾಳದ ಬುಡದಲ್ಲಿ, ಎಡಗಡೆಯಿಂದಲೇ ಹೊರಡಬೇಕು. ಪಾದರಸಳಲ್ಲಿ ಅದು ಬಲಗಡೆಯಿಂದ ಹೊರಟು, ಎರಡು ದೊಡ್ಡ ನಾಳಗಳ ನಡುವಿನ ಸಂದಿಯಲ್ಲಿ ನುಸುಳಿ ಎಡಕ್ಕೆ ಬರುತ್ತಿತ್ತು. ಕಪ್ಪುಬಿಳುಪಿನ ಚಿತ್ರದಲ್ಲಿ ಎಲ್ಲವೂ ನೆಟ್ಟಗೇ ಇದ್ದಂತೆ ಕಾಣುತ್ತದೆ. ಬಣ್ಣ ಹಾಕಿ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ನಿಲುಗಡೆಯಲ್ಲಿ ಕಾದರೆ ಮಾತ್ರ ಆ ಎಳೆ ಹೊಳೆದು ಮರೆಯಾಗುತ್ತದೆ. ಕೂತಾಗ, ಮಲಗಿದಾಗ ಅದರಿಂದ ತೊಂದರೆಯಿಲ್ಲ. ಓಡುವಾಗ ದೊಡ್ಡ ನಾಳಗಳು ಹಿಗ್ಗುತ್ತವೆ, ಸಂದಿಯಲ್ಲಿರುವುದು ಹಿಸುಕಿಕೊಳ್ಳುತ್ತದೆ. ಅಂಥ ಮಕ್ಕಳು ಆಟದ ಬಯಲಲ್ಲಿ ಬಿದ್ದವರು ಬಿದ್ದಲ್ಲೇ ಉಳಿದದ್ದುಂಟು. ಜೆಲ್ಲಮ್ಮ ಅದನ್ನು ತನ್ನ ಬಾಯಿಂದಲೇ ಎಷ್ಟೋ ತರಗತಿಗಳಲ್ಲಿ ಹೇಳಿದ್ದಳು.

ಅವಳು ಹಳೆಯ ಚಿತ್ರಗಳನ್ನು ತೆರೆಯುತ್ತ ಹೋದಳು. ಸಂಘದವರು ಹೊಸಬರಿಗೆಲ್ಲ ತೋರಿಸುವ ಸಹಜ ಹೃದಯದ ವಿಡಿಯೊ ಇತ್ತಲ್ಲ, ಅದೂ ಪಾದರಸಳದೇ. ಅದರಲ್ಲಿ ಜೆಲ್ಲಮ್ಮನದೇ ಧ್ವನಿ, ಅಪ್ಪನ ಹಾಗೆ ನಿಧಾನವಾಗಿ, ಏರಿಳಿತ ಕೊಟ್ಟು: ಇಲ್ಲಿ ನೋಡಿ, ಕವಾಟ ಎಷ್ಟು ಚೆನ್ನಾಗಿ ಮುಚ್ಚಿಕೊಳ್ಳುತ್ತಿದೆ. ಕವಾಟ ಸೋರುತ್ತಿಲ್ಲವೆಂದು ತೋರಿಸಲು ಬಣ್ಣ ಹಾಕಿತ್ತು; ಧ್ವನಿ ಅದನ್ನು ಹೊಗಳುತ್ತಿದ್ದಾಗ ಚಿತ್ರದ ಮೂಲೆಯಲ್ಲಿ ಕೆಂಪು ಎಳೆಯೊಂದು ಮಿನುಗಿ ಹೋಯಿತು. ಮತ್ತೆ ಮಿನುಗಿತು. ಬೇರೆ ಯಾವ ಮಗುವಿನ ಕರೋನರಿಯನ್ನೂ ಬಣ್ಣ ಹಾಕಿ ಹುಡುಕದೆ ಅವಳು ಬಿಟ್ಟವಳಲ್ಲ. ಇವಳದನ್ನು ಹುಡುಕಿರಲಿಲ್ಲ. ಇವಳನ್ನು ತೋರಿಸಿದ್ದಳೇ ಹೊರತು ನೋಡಿರಲಿಲ್ಲ.

ಪುಸ್ತಕ ನೋಡದೆ ಓದುವ ಅಪ್ಪನಿಗೆ ಒಮ್ಮೊಮ್ಮೆ ಒಂದು ಸಾಲು ಹಾರಿಹೋಗುತ್ತಿತ್ತು. ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ಅಲ್ಲಿಂದಲೇ, "ಒಂದು ಸಾಲು ಬಿಟ್ರಿ" ಎನ್ನುತ್ತಿದ್ದಳು. ಅಪ್ಪ ಒಂದು ದಿನವೂ ಅಮ್ಮನನ್ನು ಗೇಲಿ ಮಾಡಿರಲಿಲ್ಲ. ಪುಸ್ತಕಕ್ಕೆ ಕಣ್ಣಿಟ್ಟು, ಹಿಂದಕ್ಕೆ ಹೋಗಿ, ಬಿಟ್ಟದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದ.

ಅದಕ್ಕಿಂತ ಕೆಟ್ಟ ನೆನಪು ಅದರ ಬೆನ್ನಿಗೇ ಬಂತು. ಕೆಲವು ತಿಂಗಳ ಹಿಂದೆ ತಂಗಿ ಫೋನ್ ಮಾಡಿ, ಓಟ ಮುಗಿದ ಮೇಲೆ ಪಾದರಸಳಿಗೆ ತಲೆ ಸುತ್ತಿ ಬಂತಂತೆ, ಎದೆ ಹಿಡಿದುಕೊಂಡು ಕೂತಳಂತೆ ಎಂದಿದ್ದಳು. ಜೆಲ್ಲಮ್ಮ ಆಗ ಸಂಘದ ಸಭೆಗೆ ಹೊರಟಿದ್ದಳು. "ಊರೆಲ್ಲ ನೋಡಿದ ಹೃದಯ ಕಣೇ ಅದು. ನೀರು ಕುಡಿದಿರಲ್ಲ, ಅಷ್ಟೆ. ಓಡೋಕೆ ಮುಂಚೆ ನೀರು ಕುಡಿಸು" ಎಂದು ಇಟ್ಟುಬಿಟ್ಟಿದ್ದಳು.

ಈಗ ಅವಳೇ ತಂಗಿಗೆ ಫೋನ್ ಮಾಡಿದಳು. "ಇವತ್ತು ಅವಳನ್ನ ಓಡೋಕೆ ಬಿಡ್ಬೇಡ. ಶಾಲೆಗೆ ಈಗ್ಲೇ ತಿಳಿಸು. ಯಾಕೆ ಅಂತ ಬಂದು ಹೇಳ್ತೀನಿ." ತಂಗಿ ಇನ್ನೇನೋ ಕೇಳುವಷ್ಟರಲ್ಲಿ ಇಟ್ಟಳು.

ದೊಡ್ಡ ಡಾಕ್ಟರು ಬಂದು ಚಿತ್ರವನ್ನು ನಿಂತುಕೊಂಡೇ ನೋಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ನೋಡಿದರು.

"ನಿಮಗೆ ನಾನು ಹೇಳೋದೇನಿದೆ ಜೆಲ್ಲಮ್ಮ. ನಾಳೆ ಒಂದು ಪೂರ್ತಿ ಎಕೋ ಆಗ್ಲಿ, ಆಮೇಲೆ ಸಿ.ಟಿ. ಅಲ್ಲೀವರೆಗೆ ಓಟ, ಆಟ ಎಲ್ಲ ಬಂದ್. ಆಪರೇಷನ್ ಬೇಕಾಗ್ಬಹುದು. ಗಾಬರಿ ಬೇಡ, ಸರಿಹೋಗೋ ಅಂಥದ್ದೇ." ಎದ್ದು ನಿಂತವರು ಬಾಗಿಲಲ್ಲಿ ತಿರುಗಿದರು. "ಮಗು ಬಿದ್ದ ಮೇಲೆ ಗೊತ್ತಾಗೋದು ಇದು, ಸಾಮಾನ್ಯವಾಗಿ. ಮೊದಲೇ ಸಿಕ್ತಲ್ಲ, ಪುಣ್ಯ. ಯಾರ ಕಣ್ಣಿಗೆ ಬಿತ್ತು?"

"ನನ್ನ ಕಣ್ಣಿಗೇ."

ಅವಳು ಆ ಮಾತನ್ನು ಹೇಳಲಿಲ್ಲ. ಅದು ತಾನಾಗಿ ಬಂತು, ಬಾಯಿಪಾಠದ ಸಾಲಿನ ಹಾಗೆ.

"ಮತ್ತೆ ಇನ್ಯಾರ ಕಣ್ಣಿಗೆ ಬೀಳುತ್ತೆ" ಎಂದು ಡಾಕ್ಟರು ನಕ್ಕು ಹೋದರು.

ಕರೆದು ನಿಲ್ಲಿಸಬಹುದಿತ್ತು. ಕಾರಿಡಾರಿನ ಕೊನೆಯವರೆಗೂ ಅವರ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು, ಅಷ್ಟು ಹೊತ್ತೂ ಕರೆಯಬಹುದಿತ್ತು. ಜೆಲ್ಲಮ್ಮ ಜೆಲ್ಲಿನ ಬಾಟಲಿ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದಳು. ಅಷ್ಟರಲ್ಲಿ ಮೊದಲ ಮಗು ತಾಯಿಯ ಹೆಗಲ ಮೇಲಿಂದ ಜಿರಾಫೆಗೆ ಕೈ ಬೀಸುತ್ತ ಒಳಗೆ ಬಂತು. ಅದರ ಹೃದಯವನ್ನು ಅವಳು ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು. ತಾಯಿ ಹೆದರಿ, "ಏನಾದ್ರೂ ಇದೆಯಾ ಮೇಡಂ?" ಎಂದಳು. "ಇಲ್ಲಮ್ಮ, ಏನಿಲ್ಲ" ಎನ್ನುವಾಗ ಜೆಲ್ಲಮ್ಮನಿಗೆ ಆ ತಾಯಿಯ ಮುಖ ನೋಡಲಾಗಲಿಲ್ಲ.

ಮಧ್ಯಾಹ್ನಕ್ಕೇ ರಜೆ ಹಾಕಿ ತಂಗಿಯ ಮನೆಗೆ ಹೋದಳು.

ತಂಗಿ ಮನೆಯ ಮುಂದಿನ ಕೋಣೆಯನ್ನೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಮಾಡಿಕೊಂಡಿದ್ದಳು. ಒಂದು ಗೋಡೆಯ ತುಂಬ ಕನ್ನಡಿ, ಎದುರಿಗೆ ತಿರುಗುವ ಎರಡು ಕುರ್ಚಿ. ಗಿರಾಕಿ ಯಾರೂ ಇರಲಿಲ್ಲ. ತಂಗಿ ನೆಲದ ಕೂದಲು ಗುಡಿಸುತ್ತಿದ್ದಳು. ಓಟದ ಬೂಟು ಹಾಕಿಕೊಂಡೇ ಒಂದು ಕುರ್ಚಿಯಲ್ಲಿ ಕೂತ ಪಾದರಸ ಕಾಲಿನಿಂದ ಗೋಡೆಯನ್ನು ಒದ್ದು ಒದ್ದು ಗಿರಗಿರ ತಿರುಗುತ್ತಿದ್ದಳು.

"ಬಂದ್ಲು ನೋಡು ಲೋಕೋಪಕಾರಿ" ಎಂದಳು ತಂಗಿ. "ಒಗಟು ಹೇಳಿ ಫೋನ್ ಇಟ್ಬಿಟ್ರೆ ನಾವೇನ್ ತಿಳ್ಕೋಬೇಕು? ಶಾಲೆಯಿಂದ ಕರ್ಕೊಂಡ್ ಬಂದಾಗಿಂದ ಇವಳು ಮುಖ ಗಂಟು ಹಾಕ್ಕೊಂಡು ನನ್ನ ಕುರ್ಚಿ ಮುರೀತಿದಾಳೆ."

"ಶುಕ್ರವಾರ ಆಯ್ಕೆ ಇದೆ ದೊಡ್ಡಮ್ಮ" ಎಂದಳು ಪಾದರಸ, ತಿರುಗುತ್ತಲೇ. "ಇವತ್ತು ತಪ್ಪಿಸಿದ್ರೆ ಆ ಉದ್ದ ಜಡೆಯವಳು ನನ್ನ ಜಾಗಕ್ಕೆ ಬರ್ತಾಳೆ. ನೀವೇ ಮೇಷ್ಟ್ರಿಗೆ ಹೇಳಿ, ನಂದು ಮಾದರಿ ಹೃದಯ ಅಂತ."

ಜೆಲ್ಲಮ್ಮ ಕೂರಲಿಲ್ಲ. ಪರ್ಸಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನಿಂತೇ ಹೇಳಿದಳು. ನಾಳ ಎಲ್ಲಿಂದ ಹೊರಡಬೇಕಿತ್ತು, ಎಲ್ಲಿಂದ ಹೊರಟಿದೆ, ಓಡಿದರೆ ಏನಾಗುತ್ತದೆ. ಡಾಕ್ಟರು ಸರಿಮಾಡಬಹುದು ಅಂದಿದ್ದಾರೆ ಎನ್ನುವುದನ್ನು ಎರಡು ಸಲ ಹೇಳಿದಳು. ತಂಗಿ ಪೊರಕೆಯನ್ನು ಗೋಡೆಗೆ ಒರಗಿಸಿ, ಖಾಲಿ ಕುರ್ಚಿಯ ತುದಿಯಲ್ಲಿ ಗಿರಾಕಿಯ ಹಾಗೆ ಕೂತಳು.

"ಅವತ್ತು ತಲೆ ಸುತ್ತು ಬಂದಿದ್ದು ಇದಕ್ಕೇನಾ?"

"ಇರ್ಬಹುದು."

"ನೀರು ಕುಡಿಸು ಅಂದೆಯಲ್ಲ ನೀನು?"

"ಹೂಂ."

"ನಾನು ಕುಡಿಸ್ದೆ" ಎಂದಳು ತಂಗಿ. "ದಿನಾ ಬಾಟ್ಲಿ ತುಂಬಿಸಿ ಕೊಟ್ಟು, ಓಡು ಮಗಳೇ ಅಂತ ಕಳಿಸ್ದೆ." ಸ್ವಲ್ಪ ಹೊತ್ತು ಅವಳು ತನ್ನ ಅಂಗೈಗೆ ಅಂಟಿದ ಕೂದಲನ್ನು ಒಂದೊಂದಾಗಿ ಬಿಡಿಸಿದಳು. "ಈಗ ಹೇಗೆ ಗೊತ್ತಾಯ್ತು?"

ಜೆಲ್ಲಮ್ಮ ಕನ್ನಡಿಯ ಕಡೆ ನೋಡಿದಳು, ಅಲ್ಲಿ ತನ್ನ ಮುಖವೇ ಇತ್ತು. "ನಿನ್ನೆ ಕ್ಲಾಸಲ್ಲಿ ನನ್ನ ಕಣ್ಣಿಗೆ ಬಿತ್ತು."

ಗಿರಗಿರ ತಿರುಗುತ್ತಿದ್ದ ಕುರ್ಚಿ ನಿಂತಿತು.

"ಅದು ಕನ್ನಡಕದ ಅಕ್ಕ ಕೇಳಿದ್ದಲ್ವಾ ದೊಡ್ಡಮ್ಮ?"

ಜೆಲ್ಲಮ್ಮ ಪರ್ಸಿನ ಪಟ್ಟಿಯನ್ನು ಮತ್ತೆ ಬೆರಳಿಗೆ ಸುತ್ತಿದಳು.

"ಎಳೆ ಥರ ಏನೋ ಬಂತು ಅಂದ್ರಲ್ಲ, ಅದೇ ತಾನೆ? ನೀವು ಯಂತ್ರದ ಚೇಷ್ಟೆ ಅಂದ್ರಿ. ನಂಬರ್ ಚೆಕ್ ಮಾಡಿಸ್ಕೊಂಡು ಬಾ ಅಂದ್ರಿ. ಎಲ್ಲಾ ನಕ್ರು. ನಾನೂ ನಕ್ಕೆ." ಹುಡುಗಿಯ ಧ್ವನಿಯಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ಸರಿಯಾಗಿ ಜೋಡಿಸಿಕೊಳ್ಳುತ್ತಿದ್ದಳು, ಅಷ್ಟೆ. "ಹೋಗುವಾಗ ಆ ಅಕ್ಕ ನನ್ನ ಎದೆ ಒರೆಸಿ, ಸಾರಿ ಪುಟ್ಟಿ ಅಂದ್ರು. ಯಾಕೆ ಸಾರಿ ಅಂದ್ರು ಅಂತ ನಂಗೆ ಗೊತ್ತಾಗ್ಲಿಲ್ಲ."

ತಂಗಿ ಅಕ್ಕನನ್ನೇ ನೋಡುತ್ತಿದ್ದಳು. ಕನ್ನಡಿಯೊಳಗಿನ ತಂಗಿಯೂ ನೋಡುತ್ತಿದ್ದಳು. ಯಾವ ಕಡೆ ತಿರುಗಿದರೂ ಆ ನೋಟವೇ.

"ಹೌದು" ಎಂದಳು ಜೆಲ್ಲಮ್ಮ. "ಅವಳೇ ನೋಡಿದ್ದು. ನಾನು ನೋಡ್ಲಿಲ್ಲ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡ್ಲಿಲ್ಲ. ಡಾಕ್ಟರ ಹತ್ರಾನೂ ನಾನೇ ಅಂತ ಸುಳ್ಳು ಹೇಳಿ ಬಂದೆ."

ಬೀದಿಯಲ್ಲಿ ಯಾರದೋ ಸೈಕಲ್ಲು ಬೆಲ್ ಹೊಡೆದುಕೊಂಡು ಹೋಯಿತು. ತಂಗಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಬೇರೆ ತಾಯಂದಿರು ಮಗೂನ ನಿಂಗೆ ತೋರಿಸೋಕೆ ಅಂತ ಕರ್ಕೊಂಡ್ ಬರ್ತಾರೆ" ಎಂದಳು ಕೊನೆಗೆ. "ನಾನು ಎರವಲು ಕೊಟ್ಟೆ. ಮಿಕ್ಸಿ ಎರವಲು ಕೊಟ್ಟ ಹಾಗೆ. ಹೋದಂಗೇ ವಾಪಸ್ ಬರುತ್ತಲ್ಲ ಅಂತ ನೋಡಿ ತಗೊಂಡೂ ಇಲ್ಲ." ಎದ್ದು ಮತ್ತೆ ಪೊರಕೆ ಹಿಡಿದಳು, ಗುಡಿಸಿದ ಜಾಗವನ್ನೇ ಗುಡಿಸತೊಡಗಿದಳು. "ಈಗ ಏನ್ ಮಾಡ್ಬೇಕು ಹೇಳು."

"ಡಾಕ್ಟರ ಹತ್ರ ಹೋಗಿ ನಿಜ ಹೇಳ್ತೀನಿ. ಆ ಹುಡುಗಿಗೂ ಹೇಳ್ತೀನಿ, ಸಂಘದವರ ಮುಂದೇನೇ. ಆ ವಿಡಿಯೊ ತೆಗೆಸ್ತೀನಿ." ಹೇಳುತ್ತ ಹೇಳುತ್ತ ಇವೆಲ್ಲ ತನ್ನ ಭಾರ ಇಳಿಸಿಕೊಳ್ಳುವ ಮಾತುಗಳೇ ಎಂದು ಅವಳಿಗೇ ಕೇಳಿಸಿತು. "ಅದಿರ್ಲಿ. ಮೊದ್ಲು ನಾಳೆ ಬೆಳಿಗ್ಗೆ ಇವಳದೊಂದು ಪೂರ್ತಿ ಎಕೋ ಆಗ್ಬೇಕು. ನಾನೇ ಮಾಡ್ತೀನಿ."

ತಂಗಿ ತಲೆಯೆತ್ತಲಿಲ್ಲ. "ಮಾಡು. ಇನ್ಯಾರು ಮಾಡ್ತಾರೆ."

"ಕನ್ನಡಕದ ಅಕ್ಕ ಮಾಡಬಹುದಾ?" ಎಂದಳು ಪಾದರಸ.

"ಅವಳಿನ್ನೂ ಕಲೀತಿದಾಳೆ ಕಂದಾ."

"ಅವರಿಗೆ ಕಾಣಿಸ್ತಲ್ಲ."

ಜೆಲ್ಲಮ್ಮ ಕುರ್ಚಿಯ ಮುಂದೆ ಮಂಡಿಯೂರಿದಳು. ನೆಲದಲ್ಲಿ ಉಳಿದಿದ್ದ ಯಾರದೋ ಕೂದಲು ಸೀರೆಗೆ ಅಂಟಿತು. ಓಟಕ್ಕೆಂದು ಎರಡೆರಡು ಗಂಟು ಹಾಕಿ ಬಿಗಿದಿದ್ದ ಬೂಟಿನ ದಾರ ಅವಳ ಕಣ್ಣ ಮುಂದೆಯೇ ಇತ್ತು. ಆ ಪುಟ್ಟ ಎದೆ ಅವಳಿಗೆ ತನ್ನ ಅಂಗೈಯಷ್ಟೇ ಪರಿಚಯ. ಎಲ್ಲಿ ಪಕ್ಕೆಲುಬು, ಎಲ್ಲಿ ಸಂದು, ಎಲ್ಲಿ ಮಚ್ಚೆ. ಪರಿಚಯವೆಂದೇ ತಾನೆ ಇಷ್ಟಾದದ್ದು. ಆದರೂ ಇನ್ನೊಬ್ಬರು ಅಲ್ಲಿ ಪ್ರೋಬ್ ಇಡುವುದನ್ನು, ತಾನು ಪರದೆಯ ಆಚೆ ತಾಯಂದಿರ ಬೆಂಚಿನಲ್ಲಿ ಕೂತು ಕಾಯುವುದನ್ನು ಒಪ್ಪಿಕೊಳ್ಳಲು ಅವಳಿಂದಾಗಲಿಲ್ಲ.

"ಈ ಸಲ ಕಲಿಸೋಕಲ್ಲ" ಎಂದಳು. ಧ್ವನಿಯಲ್ಲಿ ಏರಿಳಿತ ಉಳಿದಿರಲಿಲ್ಲ. "ಯಾರನ್ನೂ ಒಳಗೆ ಬಿಡಲ್ಲ. ಯಾರ ಹತ್ರಾನೂ ಮಾತಾಡಲ್ಲ. ನಿನ್ನ ಒಬ್ಬಳನ್ನೇ ನೋಡ್ತೀನಿ, ಎಷ್ಟು ಹೊತ್ತಾದ್ರೂ ಸರಿ. ಒಂದೇ ಒಂದ್ಸಲ ಮಲ್ಕೋ ಪಾದರಸ. ನಿನ್ನ ದಮ್ಮಯ್ಯ ಅಂತೀನಿ."

ಹುಡುಗಿ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, ಎರಡು ಕೈಯನ್ನೂ ಎದೆಗೆ ಅಡ್ಡ ಕಟ್ಟಿದಳು. ಅಂಗಿ ಬಿಗಿಹಿಡಿದುಕೊಳ್ಳುವ ಚಿಕ್ಕ ಮಕ್ಕಳ ಹಾಗೆ.

"ಇಲ್ಲ ದೊಡ್ಡಮ್ಮ" ಎಂದಳು. "ನಿಮ್ಮ ಹತ್ರ ನಾನು ಮಲ್ಕೊಳ್ಳಲ್ಲ."